ಕೀಲಿ ಮುರಿಯದಿದ್ದರೆ ಕಳವಲ್ಲವೇ?

ಹಾವೇರಿಯಲ್ಲಾಗಲಿ, ರಾಣೆಬೆನ್ನೂರಿನಲ್ಲಾಗಲಿ, ಬ್ಯಾಡಗಿಯಲ್ಲಾಗಲಿ ಒಂದು ಮನೆ ಕಳವಾಯಿತೆಂದರೆ ಬೆಳಗಾಗುವಷ್ಟರಲ್ಲಿ ಓಣಿಯ ತೀರ್ಪು ಹೊರಬಿದ್ದಿರುತ್ತದೆ. ಅಷ್ಟು ಬಂಗಾರ ಮನೆಯಲ್ಲಿ ಯಾಕಿಟ್ಟುಕೊಂಡರು, ಊರಿಗೆ ಹೋಗುವಾಗ ಠಾಣೆಗೆ ಯಾಕೆ ತಿಳಿಸಲಿಲ್ಲ, ಕ್ಯಾಮೆರಾ ಯಾಕೆ ಹಾಕಿಸಲಿಲ್ಲ, ಅಲಾರಂ ಯಾಕಿರಲಿಲ್ಲ ಎಂಬ ಪ್ರಶ್ನೆಗಳೆಲ್ಲ ಕಳೆದುಕೊಂಡವರ ಕಡೆಗೇ ತಿರುಗುತ್ತವೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯನ್ನು ಅಳುತ್ತ ಕುಳಿತವರ ಎದುರಿಗೇ ಆಡುವವರಿದ್ದಾರೆ. ಓಣಿಯ ಮಾತು ಓಣಿಯಲ್ಲೇ ನಿಂತಿದ್ದರೆ ಕರುಣೆ ಸಾಲದ ಮಾತು ಎಂದು ಬಿಟ್ಟುಬಿಡಬಹುದಿತ್ತು. ಅದು ಅಲ್ಲಿ ನಿಂತಿಲ್ಲ. ಅದೇ ಮಾತು ವಿಮಾ ಪಾಲಿಸಿಯ ಷರತ್ತಾಗುತ್ತದೆ, ಸರ್ವೇಯರ್ ವರದಿಯ ಷರಾ ಆಗುತ್ತದೆ, ಕೊನೆಗೆ ಪರಿಹಾರ ಕೊಡಲಾಗದು ಎಂಬ ಒಂದು ಪುಟದ ಪತ್ರವಾಗಿ ಮನೆಗೆ ಬರುತ್ತದೆ. ಓದಿದವರು, ವ್ಯಾಪಾರ ಬಲ್ಲವರು, ಕಾನೂನು ಬಲ್ಲವರು ಕೂಡ ಇದನ್ನು ಸರಿಯೆನ್ನುತ್ತಾರೆ. ಮನೆ ಕಾಯ್ದುಕೊಳ್ಳದವರಿಗೆ ಪರಿಹಾರ ಯಾಕೆ, ಅಲಾರಂ ಇಲ್ಲದ ಮನೆಗೆ ಕಳವಿನ ವಿಮೆಯೇ ಬೇಡ ಎಂಬುದು ಅವರ ವಾದ. ಈ ವಾದ ತಪ್ಪು ಎಂದು ನಾನು ಹೇಳುತ್ತೇನೆ. ಯಾವ ಷರತ್ತು ತಪ್ಪಿದ್ದರಿಂದ ಕಳವು ನಡೆಯಲಿಲ್ಲವೋ ಆ ಷರತ್ತನ್ನು ಮುಂದಿಟ್ಟು ಪರಿಹಾರ ತಪ್ಪಿಸುವ ಹಕ್ಕು ಯಾವ ಕಂಪನಿಗೂ ಇರಬಾರದು. ಈ ಊರುಗಳು ನಿಜವಾಗಿ ಮನೆ ಕಾಯುವ ರೀತಿಯನ್ನು ಲೆಕ್ಕಕ್ಕೇ ಹಿಡಿಯದೆ ಬರೆದ ಷರತ್ತನ್ನು ಮುನ್ನೆಚ್ಚರಿಕೆ ಎಂದು ಕರೆಯಲೂ ಬಾರದು.

ಮೊದಲು ಪಾಲಿಸಿಯಲ್ಲಿ ಏನಿದೆ ಎಂಬುದನ್ನು ನೋಡೋಣ. ಮನೆಗೆ ವಿಮೆ ಮಾಡಿಸಿದ್ದೇವೆ ಎನ್ನುವ ಹೆಚ್ಚಿನವರು ಕಳವೂ ಅದರಲ್ಲಿ ಸೇರಿದೆ ಎಂದೇ ನಂಬಿರುತ್ತಾರೆ. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಮನೆ ಪಾಲಿಸಿಯನ್ನು ಸಾಮಾನ್ಯ ವಿಮಾ ಕಂಪನಿಗಳು ಮಾರಬೇಕಾಯಿತು. ಅದು ಒಳ್ಳೆಯ ಹೆಜ್ಜೆಯೇ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ, ಗಲಭೆ ಎಲ್ಲವೂ ಅದರೊಳಗಿವೆ. ಕಟ್ಟಡಕ್ಕೆ ಮಾಡಿಸಿದ ಮೊತ್ತದ ಶೇಕಡಾ 20ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿವರೆಗೆ, ಮನೆಯ ಸಾಮಾನುಗಳಿಗೂ ತಾನಾಗಿಯೇ ರಕ್ಷಣೆ ಸಿಗುತ್ತದೆ. ಆದರೆ ಕಳವಿನ ವಿಷಯಕ್ಕೆ ಬಂದರೆ ಅದರ ಮೂಲ ರಕ್ಷಣೆಯಲ್ಲಿರುವುದು ಒಂದೇ ಒಂದು ಸನ್ನಿವೇಶ: ಮೇಲೆ ಹೇಳಿದ ಅನಾಹುತಗಳಲ್ಲಿ ಒಂದು ನಡೆದು, ಅದರ ಕಾರಣದಿಂದಲೇ, 7 ದಿನಗಳೊಳಗೆ ಆದ ಕಳವು. 2019ರ ಆಗಸ್ಟ್‌ನಲ್ಲಿ ವರದಾ ನದಿ ಉಕ್ಕಿ ಹಾವೇರಿ ಜಿಲ್ಲೆಯ ಹಳ್ಳಿಗಳ ಗೋಡೆಗಳು ಕುಸಿದವಲ್ಲ, ಅಂಥ ನೆರೆಯಲ್ಲಿ ಬಿದ್ದ ಮನೆಯಿಂದ ಆ ವಾರದಲ್ಲಿ ಹಂಡೆ ಕೊಪ್ಪರಿಗೆ ಕದ್ದರೆ ಪರಿಹಾರ ಉಂಟು. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿದು ರೊಚ್ಚಿಗೆದ್ದ ರೈತರು ಬ್ಯಾಡಗಿ ಎಪಿಎಂಸಿಯಲ್ಲಿ ಕಚೇರಿಗೂ ವಾಹನಗಳಿಗೂ ಬೆಂಕಿ ಹಚ್ಚಿದರಲ್ಲ, ಅಂಥ ಗಲಭೆಯಲ್ಲಿ ಮನೆಯೊಂದಕ್ಕೆ ಹಾನಿಯಾಗಿ ಒಳಗಿನದು ಕಳುವಾದರೂ ಉಂಟು. ಏನೂ ನಡೆಯದ ಒಂದು ಸಾಮಾನ್ಯ ರಾತ್ರಿ ಹಿತ್ತಲ ಬಾಗಿಲಿನಿಂದ ಕಳ್ಳ ಒಳಬಂದರೆ ಮಾತ್ರ ಇಲ್ಲ. ಅದಕ್ಕೆ ಬೇರೆ ಹಣ ಕಟ್ಟಿ ಬೇರೆ ರಕ್ಷಣೆ ಪಡೆಯಬೇಕು. ಬಂಗಾರಕ್ಕೆ ಮತ್ತೂ ಪ್ರತ್ಯೇಕ. ಮನೆಗಳ್ಳತನ ಎಂದೊಡನೆ ಜನ ಅಂಜುವುದು ಇದೇ ಸಾಮಾನ್ಯ ರಾತ್ರಿಗೆ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ನೆರೆ ಬಂದಾಗ ನಿಮ್ಮ ಮನೆಯ ಅಡಿಪಾಯ ಎಷ್ಟು ಎತ್ತರವಿತ್ತು, ಹೊಳೆಯ ದಂಡೆಗೆ ಯಾಕೆ ಕಟ್ಟಿದಿರಿ ಎಂದು ಪರಿಹಾರ ಕೊಡುವ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ. ಕಳ್ಳ ಬಂದಾಗ ಮಾತ್ರ ಮನೆಯವರ ನಡತೆ ತನಿಖೆಗೆ ಬರುತ್ತದೆ.

ಆ ಬೇರೆ ರಕ್ಷಣೆಯ ಒಳಗೂ ಹೋಗಿ ನೋಡಬೇಕು. ಕಳವಿನ ಪಾಲಿಸಿಗಳು ಸಾಮಾನ್ಯವಾಗಿ ಒಪ್ಪುವುದು ಬಲಪ್ರಯೋಗದಿಂದ ಒಳನುಗ್ಗಿದ ಕಳವನ್ನು ಮಾತ್ರ. ಕೊಂಡಿ ಕಿತ್ತಿರಬೇಕು, ಸರಳು ಬಾಗಿರಬೇಕು, ಕಣ್ಣಿಗೆ ಕಾಣುವ ಗುರುತು ಇರಬೇಕು. 2004ರಲ್ಲಿ ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಮತ್ತು ಹರಚಂದ್ ರಾಯ್ ಚಂದನ್ ಲಾಲ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಅರ್ಥವನ್ನೇ ಎತ್ತಿಹಿಡಿಯಿತು: ಪಾಲಿಸಿಯಲ್ಲಿ ಬಲಪ್ರಯೋಗ ಎಂದು ಬರೆದಿದ್ದರೆ ಬಲಪ್ರಯೋಗವಿಲ್ಲದ ಕಳವಿಗೆ ಪರಿಹಾರವಿಲ್ಲ. ಷರತ್ತಿನ ಪರವಾಗಿ ವಾದಿಸುವವರು ಈ ತೀರ್ಪನ್ನು ಮುಂದೆ ಮಾಡುತ್ತಾರೆ. ಆದರೆ ಅದೇ ತೀರ್ಪಿನ ಕೊನೆಯಲ್ಲಿ ನ್ಯಾಯಾಲಯ ಈ ವ್ಯಾಖ್ಯೆ ಸಾಮಾನ್ಯರಿಗೆ ತೀರ ಬಿಗಿಯಾಗಿದೆ, ಕಂಪನಿಗಳು ಇದನ್ನು ತಿದ್ದಿಕೊಳ್ಳಬೇಕು ಎಂದದ್ದನ್ನು ಹೇಳುವುದಿಲ್ಲ. ಇಪ್ಪತ್ತು ವರ್ಷ ಕಳೆದರೂ ಬಲಪ್ರಯೋಗದ ಪದ ಪಾಲಿಸಿಗಳಿಂದ ಹೋಗಿಲ್ಲ. ದಂಡಸಂಹಿತೆಯ ದೃಷ್ಟಿ ಇದಕ್ಕಿಂತ ಎಷ್ಟು ಮಾನವೀಯ ನೋಡಿ. 1860ರ ಭಾರತೀಯ ದಂಡಸಂಹಿತೆ ಮನೆಯನ್ನು ಭೇದಿಸುವ ಆರು ಬಗೆಗಳನ್ನು ಪಟ್ಟಿ ಮಾಡಿತ್ತು. ಗೋಡೆ ಕೊರೆಯುವುದು, ಮನುಷ್ಯರು ಹೋಗಲೆಂದು ಇಲ್ಲದ ದಾರಿಯಿಂದ ನುಗ್ಗುವುದು ಮೊದಲಾದವುಗಳ ಜೊತೆಗೆ ಯಾವುದೇ ಕೀಲಿ ತೆರೆದು ಹೋಗುವುದೂ ಅದರಲ್ಲಿತ್ತು. ಮನೆಯವರು ಕಳೆದುಕೊಂಡ ಕೀಲಿಕೈ ಸಿಕ್ಕವನೊಬ್ಬ ಅದರಿಂದಲೇ ಬಾಗಿಲು ತೆಗೆದು ಒಳಹೋದರೂ ಅದು ಮನೆ ಭೇದಿಸಿದ ಅಪರಾಧವೇ ಎಂದು ಸಂಹಿತೆಯೇ ಒಂದು ಉದಾಹರಣೆ ಕೊಟ್ಟು ಹೇಳಿತ್ತು. ಕಳೆದುಕೊಂಡವರ ಅಜಾಗ್ರತೆ ಕಳ್ಳನ ಅಪರಾಧವನ್ನು ಎಳ್ಳಷ್ಟೂ ಕಡಿಮೆ ಮಾಡದು ಎಂಬ ತಿಳಿವು ಅದರಲ್ಲಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಹೀಗಾಗಿ ಒಂದೇ ಘಟನೆ ರಾಣೆಬೆನ್ನೂರಿನ ಠಾಣೆಯಲ್ಲಿ ಮನೆಗಳ್ಳತನವೆಂದು ದಾಖಲಾಗುತ್ತದೆ, ಅದೇ ಊರಿನ ವಿಮಾ ಕಚೇರಿಯಲ್ಲಿ ಅಲ್ಲವೆಂದು ತಿರಸ್ಕೃತವಾಗುತ್ತದೆ. ನೆರೆಮನೆಯವರ ಕೈಗೆ ಕೀಲಿಕೈ ಕೊಟ್ಟು ದೇವರಗುಡ್ಡದ ಜಾತ್ರೆಗೋ ಕದರಮಂಡಲಗಿಯ ಕಾಂತೇಶನ ದರ್ಶನಕ್ಕೋ ಹೋಗುವುದು, ಶಾಲೆ ಬಿಟ್ಟು ಬರುವ ಮಗುವಿಗೆಂದು ಕೀಲಿಕೈಯನ್ನು ಗೂಡಿನಲ್ಲಿಡುವುದು, ಎಮ್ಮೆಗೆ ನೀರಿಡಲು ಬರುವವರಿಗೆಂದು ಹಿತ್ತಲ ಬಾಗಿಲಿಗೆ ಬರಿಯ ಚಿಲಕ ಹಾಕುವುದು ಈ ಸೀಮೆಯ ಬದುಕಿನ ರೀತಿ. ಆ ವಿಶ್ವಾಸವನ್ನು ಬಳಸಿಕೊಂಡು ಕಳ್ಳ ಬಂದರೆ ಗುರುತು ಉಳಿಯುವುದಿಲ್ಲ. ಗುರುತಿಲ್ಲದಿದ್ದರೆ ಪರಿಹಾರವೂ ಇಲ್ಲ.

ಇನ್ನು ಅಲಾರಂ. ನಮ್ಮ ದೇಶದ ಮನೆ ಪಾಲಿಸಿಗಳಲ್ಲಿ ಬ್ರಿಟನ್ನಿನಲ್ಲಿರುವಂತೆ ಅಲಾರಂ ಕಡ್ಡಾಯ ಎಂದು ನೇರವಾಗಿ ಬರೆದಿರುವುದು ಅಪರೂಪ. ಅದು ಎರಡು ದಾರಿಯಿಂದ ಒಳಬರುತ್ತದೆ. ಒಂದು, ಪ್ರಸ್ತಾವ ಪತ್ರದಲ್ಲಿ ಅಲಾರಂ ಇದೆಯೇ, ಕ್ಯಾಮೆರಾ ಇದೆಯೇ, ಕಾವಲುಗಾರ ಇದ್ದಾನೆಯೇ ಎಂಬ ಪ್ರಶ್ನೆಗಳಿಗೆ ಕೊಟ್ಟ ಉತ್ತರ; ಹೌದು ಎಂದು ಬರೆದಿದ್ದರೆ ಕಳವಿನ ದಿನ ಅದು ನಡೆಯುತ್ತಿರಲೇಬೇಕು. ಇನ್ನೊಂದು, ಸಮಂಜಸವಾದ ಎಚ್ಚರಿಕೆ ವಹಿಸಬೇಕು ಎಂಬ ಸಾರ್ವತ್ರಿಕ ಷರತ್ತು. ಏನು ಸಮಂಜಸ ಎಂದು ಹೇಳುವವರು ಕಳವಾದ ಮೇಲೆ ಬರುವ ಕಂಪನಿಯವರು. ಇದರ ಜೊತೆಗೆ ಮನೆ ಇಷ್ಟು ದಿನಕ್ಕಿಂತ, ಸಾಮಾನ್ಯವಾಗಿ 30 ದಿನಕ್ಕಿಂತ, ಹೆಚ್ಚು ಖಾಲಿ ಇರಬಾರದು ಎಂಬ ಮಾತೂ ಸೇರಿಕೊಳ್ಳುತ್ತದೆ. ಈಗ ಅಲಾರಂ ಎಂದರೇನು ಎಂದು ಯೋಚಿಸಿ. ಅದು ಬಾಗಿಲನ್ನು ಗಟ್ಟಿ ಮಾಡುವುದಿಲ್ಲ, ಕಳ್ಳನ ಕೈ ಹಿಡಿಯುವುದಿಲ್ಲ. ಅದೊಂದು ಕೂಗು. ಕೂಗಿಗೆ ಓಡಿಬರುವವರಿದ್ದರೆ ಅದಕ್ಕೆ ಬೆಲೆ. ದೊಡ್ಡ ಶಹರಗಳ ಕೆಲವು ಬಡಾವಣೆಗಳಲ್ಲಿ ಆ ಕೂಗನ್ನು ಹಗಲಿರುಳು ಕೇಳುತ್ತ ಕುಳಿತ ಕೇಂದ್ರಗಳಿವೆ, ಕಾವಲು ಸಂಸ್ಥೆಗಳಿವೆ. ಹಾವೇರಿಯ ಹಳೆಯ ಓಣಿಯಲ್ಲಿ, ಬ್ಯಾಡಗಿಯ ಅಂಗಡಿ ಸಾಲಿನ ಹಿಂದಿನ ಮನೆಗಳಲ್ಲಿ ಆ ಕೂಗನ್ನು ಕೇಳುವವರು ಪಕ್ಕದ ಮನೆಯವರೇ. ಅವರು ಹೇಗೂ ಕೇಳುತ್ತಾರೆ, ಬಾಗಿಲ ಸದ್ದಿಗೂ ಏಳುತ್ತಾರೆ, ನಾಯಿ ಬೊಗಳಿದರೂ ಏಳುತ್ತಾರೆ. ಹೆಸ್ಕಾಂ ಕರೆಂಟು ಹೋದ ರಾತ್ರಿ, ಬ್ಯಾಟರಿ ಸತ್ತ ಪೆಟ್ಟಿಗೆಯೊಂದು ಗೋಡೆಯ ಮೇಲೆ ತೂಗಾಡಿದರೆ ಅದರಿಂದ ಕಳ್ಳನಿಗೆ ತೊಂದರೆಯಿಲ್ಲ. ತೊಂದರೆ ಮನೆಯವರಿಗೇ. ಅಲಾರಂ ಇದೆ ಎಂದು ಬರೆದುಕೊಟ್ಟಿದ್ದೀರಿ, ಅದು ಕೆಲಸ ಮಾಡುತ್ತಿರಲಿಲ್ಲ, ಆದ್ದರಿಂದ ಷರತ್ತು ಮುರಿದಿದ್ದೀರಿ ಎಂಬ ಉತ್ತರಕ್ಕೆ ಅವರೇ ದಾರಿ ಮಾಡಿಕೊಟ್ಟಂತಾಯಿತು.

ಯಂತ್ರದ ಮೇಲೆ ಇಷ್ಟು ಭರವಸೆ ಇಡುವವರು ನಮ್ಮ ಸುತ್ತಮುತ್ತ ಈಚೆಗೆ ನಡೆದುದನ್ನು ನೋಡಲಿ. ರಾಣೆಬೆನ್ನೂರಿನಿಂದ ಹೊನ್ನಾಳಿ ದಾಟಿದರೆ ಸಿಗುವ ನ್ಯಾಮತಿಯಲ್ಲಿ 2024ರ ಅಕ್ಟೋಬರ್ ಕೊನೆಯ ವಾರ ಸ್ಟೇಟ್ ಬ್ಯಾಂಕ್ ಶಾಖೆಯಿಂದ 17 ಕಿಲೋಗೂ ಹೆಚ್ಚು ಅಡವಿನ ಬಂಗಾರ ಹೋಯಿತು. ಕಳ್ಳರು ಕಿಟಕಿಯ ಸರಳು ಕತ್ತರಿಸಿ ಒಳಹೋದರು, ಕ್ಯಾಮೆರಾ ಮತ್ತು ಅಲಾರಂ ಕೆಲಸ ಮಾಡದಂತೆ ಮಾಡಿದರು, ಚಿತ್ರಗಳು ದಾಖಲಾಗುವ ಡಿವಿಆರ್ ಪೆಟ್ಟಿಗೆಯನ್ನೇ ಹೊತ್ತೊಯ್ದರು, ಪೊಲೀಸ್ ನಾಯಿಗೆ ವಾಸನೆ ಹತ್ತದಂತೆ ಖಾರದ ಪುಡಿ ಎರಚಿದರು. ಮುಂದಿನ ಮಾರ್ಚ್‌ನಲ್ಲಿ ಆ ಬಂಗಾರ ತಮಿಳುನಾಡಿನ ಉಸಿಲಂಪಟ್ಟಿಯ ಕಡೆ ಬಾವಿಯೊಂದರಿಂದ ಸಿಕ್ಕಿತು. ಅದನ್ನು ಪತ್ತೆ ಹಚ್ಚಿದ್ದು ದಾವಣಗೆರೆ ಪೊಲೀಸರ ಐದು ತಿಂಗಳ ತನಿಖೆ. 2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕಿನಿಂದ ಸುಮಾರು 59 ಕಿಲೋ ಬಂಗಾರ ಹೋಯಿತು. ಆ ಶಾಖೆಯಲ್ಲೇ ಹಿಂದೆ ವ್ಯವಸ್ಥಾಪಕನಾಗಿದ್ದವನನ್ನು ಬಂಧಿಸಿದ ಪೊಲೀಸರು ನಕಲಿ ಕೀಲಿಕೈ ಬಳಕೆಯಾಗಿದೆ ಎಂದರು. ತಿಜೋರಿ ಕೋಣೆ, ಕ್ಯಾಮೆರಾ, ಅಲಾರಂ ಎಲ್ಲ ಇದ್ದ ಬ್ಯಾಂಕಿನ ಪಾಡು ಇದು. ಹಾಗಾದರೆ ಬಂಗಾರವನ್ನು ಲಾಕರಿನಲ್ಲಿಡಲಿ ಎನ್ನುವವರಿಗೆ ರಿಸರ್ವ್ ಬ್ಯಾಂಕಿನ ನಿಯಮ ನೆನಪಿಸಬೇಕು. 2022ರ ಜನವರಿ 1ರಿಂದ ಜಾರಿಯಲ್ಲಿರುವ ಆ ನಿಯಮದಂತೆ ಬೆಂಕಿ, ಕಳವು, ದರೋಡೆ, ಸಿಬ್ಬಂದಿಯ ವಂಚನೆಯಿಂದ ಲಾಕರಿನದು ಹೋದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟಿಗೆ ಸೀಮಿತ. ಬಾಡಿಗೆ 2,000 ರೂಪಾಯಿ ಇದ್ದರೆ ಪರಿಹಾರದ ಮಿತಿ 2 ಲಕ್ಷ. ಹತ್ತು ಗ್ರಾಂಗೆ ಲಕ್ಷ ದಾಟಿದ ದರದಲ್ಲಿ ಅದು ಒಂದು ಜೋಡಿ ಪಾಟ್ಲಿಗೂ ಸಾಲದು. ಬ್ಯಾಂಕಿಗೆ ಇಂಥ ಮಿತಿಯ ಕರುಣೆ ತೋರುವ ವ್ಯವಸ್ಥೆ ಮನೆಯವರಿಂದ ಮಾತ್ರ ಲೋಪವಿಲ್ಲದ ಎಚ್ಚರ ಬಯಸುತ್ತದೆ.

ಈ ಸೀಮೆಯ ಮನೆಗಳನ್ನು ಕಾಯುವವರು ಯಾರು ಎಂದು ಯಾವ ಷರತ್ತೂ ಕೇಳಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಎಂದರೆ ಚಳಿಗಾಲದಿಂದ ಬೇಸಿಗೆಯವರೆಗೆ ನಡೆಯುವ ಜಾಗರಣೆ. ಸೋಮವಾರ, ಗುರುವಾರದ ಮಾರುಕಟ್ಟೆಗೆ ಹಿಂದಿನ ರಾತ್ರಿಯೇ ಚೀಲಗಳು ಬರುತ್ತವೆ. ಹಮಾಲರು, ಚಾಲಕರು, ದಲಾಲರ ಅಂಗಡಿಯವರು ರಾತ್ರಿಯಿಡೀ ಓಡಾಡುತ್ತಾರೆ. ಹೊಲದಲ್ಲಿ ಕಾಯಿ ಒಣಹಾಕಿದ ಮನೆಗಳಲ್ಲಿ ಗಂಡಸರು ಕಣದಲ್ಲೇ ಮಲಗುತ್ತಾರೆ, ಮನೆಯಲ್ಲಿ ಮುದುಕರು, ಮಕ್ಕಳು. ರಾಣೆಬೆನ್ನೂರಿನ ಬೀಜದ ವ್ಯಾಪಾರದವರಿಗೆ ಊರೂರು ತಿರುಗುವುದೇ ಕಸುಬು. ಮನೆ ಖಾಲಿ ಇದೆಯೋ ಇಲ್ಲವೋ ಎಂಬುದು ಇಲ್ಲಿ ಕೀಲಿಯಿಂದ ತೀರ್ಮಾನವಾಗುವುದಿಲ್ಲ; ಕಟ್ಟೆಯ ಮೇಲೆ ಯಾರು ಕುಳಿತಿದ್ದಾರೆ, ಎದುರು ಮನೆಯ ದೀಪ ಎಷ್ಟು ಹೊತ್ತು ಉರಿಯುತ್ತದೆ ಎಂಬುದರಿಂದ ತೀರ್ಮಾನವಾಗುತ್ತದೆ. ಇದನ್ನು ಹಳೆಯ ಕಾಲದ ಕಥೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಕಳವಿನ ನಷ್ಟ ಯಾರದು ಎಂಬ ಪ್ರಶ್ನೆಗೆ ಕನ್ನಡ ನೆಲದಲ್ಲೇ ಹಿಂದೆ ಬೇರೆ ಉತ್ತರವಿತ್ತು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸರೆಯಲ್ಲಿ ವಿಜ್ಞಾನೇಶ್ವರ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದದ್ದು ಯಾಜ್ಞವಲ್ಕ್ಯ ಸ್ಮೃತಿಗೆ. ಕಳ್ಳರು ಒಯ್ದ ಸೊತ್ತನ್ನು ಅರಸನೇ ಪ್ರಜೆಗೆ ಕೊಡಿಸಬೇಕು ಎಂಬುದು ಆ ಸ್ಮೃತಿಯ ವಿಧಿ. ಕಳ್ಳನ ಹೆಜ್ಜೆ ಊರ ಗಡಿ ದಾಟಿ ಹೋದದ್ದು ಕಾಣದಿದ್ದರೆ ಊರ ಒಡೆಯ ಹೊಣೆ, ಗೋಮಾಳದಲ್ಲಾದರೆ ಗೋಮಾಳದವನು ಹೊಣೆ, ದಾರಿಯಲ್ಲಾದರೆ ಕಳ್ಳರನ್ನು ಹಿಡಿಯಲು ನೇಮಕವಾದವನು ಹೊಣೆ. ಗ್ರಾಮವ್ಯವಸ್ಥೆಯಲ್ಲಿ ತಳವಾರನ ಹುದ್ದೆ ಉಳಿದುಬಂದದ್ದೂ ಇದೇ ತಿಳಿವಳಿಕೆಯ ಮೇಲೆ. ಕಾಯುವ ಕೆಲಸ ಊರಿನದು, ಆದ್ದರಿಂದ ನಷ್ಟವನ್ನು ಹೊರುವುದೂ ಊರಿನದು. ವಿಮೆ ಎಂಬುದು ಹುಟ್ಟಿದ್ದೂ ಇದೇ ಆಸೆಯಿಂದ, ಒಬ್ಬನ ಹೆಗಲ ಭಾರವನ್ನು ಸಾವಿರ ಹೆಗಲಿಗೆ ಹಂಚಲು. ಷರತ್ತುಗಳು ಆ ಭಾರವನ್ನು ಮತ್ತೆ ಒಬ್ಬನ ಹೆಗಲಿಗೇ ತಂದು ಇಳಿಸುತ್ತಿವೆ.

ಷರತ್ತುಗಳ ಈ ಕಠೋರತೆಯ ಮೂಲ ಹಡಗಿನಲ್ಲಿದೆ. 1906ರ ಬ್ರಿಟಿಷ್ ನೌಕಾ ವಿಮಾ ಕಾಯ್ದೆ, ಅದನ್ನು ಅನುಸರಿಸಿದ ನಮ್ಮ 1963ರ ಕಾಯ್ದೆ, ಎರಡೂ ಒಂದೇ ಮಾತು ಹೇಳಿದವು: ವಿಮೆದಾರ ಕೊಟ್ಟ ವಾರಂಟಿ, ಅಂದರೆ ಖಚಿತ ವಚನ, ಅಪಾಯಕ್ಕೆ ಸಂಬಂಧಿಸಿರಲಿ ಬಿಡಲಿ, ಅಕ್ಷರಶಃ ಪಾಲನೆಯಾಗಬೇಕು, ತಪ್ಪಿದರೆ ಕಂಪನಿಯ ಹೊಣೆ ಮುಗಿಯಿತು. ಸಮುದ್ರದ ಮಧ್ಯೆ ಏನಾಯಿತೆಂದು ನೋಡಲಾಗದ ಕಾಲದ ನಿಯಮ ಅದು. ಅದರ ನೆರಳು ಮನೆಯ ಬಾಗಿಲ ಮೇಲೂ ಬಿತ್ತು. ಬ್ರಿಟನ್ನಿನಲ್ಲಿ ದಶಕಗಳ ಕಾಲ ಅಲಾರಂ ಹಾಕದೆ ಹೊರಹೋದವರು, ಕರಾರಿನಂತೆ ಅದರ ನಿರ್ವಹಣೆ ಮಾಡಿಸದವರು ಇದೇ ನಿಯಮದಿಂದ ಪರಿಹಾರ ಕಳೆದುಕೊಂಡರು. ಆದರೆ ಆ ನಿಯಮ ಹುಟ್ಟಿದ ದೇಶವೇ ಅದನ್ನು ಕೈಬಿಟ್ಟಿದೆ. ಅಲ್ಲಿನ 2015ರ ವಿಮಾ ಕಾಯ್ದೆ 2016ರ ಆಗಸ್ಟ್‌ನಿಂದ ಜಾರಿಗೆ ಬಂತು. ಅದರಂತೆ, ಷರತ್ತು ತಪ್ಪಿದ್ದರಿಂದ ಆ ನಷ್ಟದ ಅಪಾಯ ಹೆಚ್ಚಿರಲಾರದು ಎಂದು ವಿಮೆದಾರ ತೋರಿಸಿದರೆ ಕಂಪನಿ ಆ ಷರತ್ತಿನ ಹಿಂದೆ ಅಡಗಿಕೊಳ್ಳುವಂತಿಲ್ಲ. ಅಲಾರಂ ಹಾಕಿರದ ಮನೆ ನೆರೆಯಲ್ಲಿ ಮುಳುಗಿದರೆ ಪರಿಹಾರ ಸಿಗುತ್ತದೆ. ಹಿತ್ತಿಲ ಕೀಲಿ ಸರಿಯಿಲ್ಲದಿದ್ದರೂ ಕಳ್ಳ ಮುಂಬಾಗಿಲು ಒಡೆದು ಬಂದಿದ್ದರೆ ಹಿತ್ತಿಲ ಕೀಲಿಯ ಮಾತೆತ್ತುವಂತಿಲ್ಲ. ನಮ್ಮ ಸಂಸತ್ತು ಇಂಥ ತಿದ್ದುಪಡಿಯತ್ತ ಇನ್ನೂ ಹೆಜ್ಜೆ ಹಾಕಿಲ್ಲ. ನಮ್ಮ ಸುಪ್ರೀಂ ಕೋರ್ಟ್ ಮಾತ್ರ ತುಂಡುತುಂಡಾಗಿ ಅದೇ ದಿಕ್ಕಿಗೆ ನಡೆದಿದೆ. ಕೀಲಿಕೈ ಲಾರಿಯಲ್ಲೇ ಬಿಟ್ಟಿದ್ದ ಪ್ರಕರಣದಲ್ಲೂ 2023ರಲ್ಲಿ ಶೇಕಡಾ 75 ಪರಿಹಾರ ಕೊಡಿಸಿತು. ಟ್ರ್ಯಾಕ್ಟರ್ ಕಳೆದುಕೊಂಡವನೊಬ್ಬ ಅದೇ ದಿನ ಠಾಣೆಗೆ ದೂರು ಕೊಟ್ಟು ಕಂಪನಿಗೆ 52 ದಿನ ತಡವಾಗಿ ತಿಳಿಸಿದ್ದ. ಅಷ್ಟಕ್ಕೇ ಪರಿಹಾರ ನಿರಾಕರಿಸಕೂಡದು ಎಂದು 2020ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಟ್ರ್ಯಾಕ್ಟರ್ ಕಳವಾದದ್ದು 2010ರಲ್ಲಿ. ಹತ್ತು ವರ್ಷ ಬಡಿದಾಡುವ ಶಕ್ತಿ ಎಷ್ಟು ಮನೆಗಳಿಗಿದೆ?

ಇದಕ್ಕೆ ಬರುವ ಮೊದಲ ಆಕ್ಷೇಪ ಸಹಿಯದು. ಷರತ್ತು ಒಪ್ಪಿ ಸಹಿ ಮಾಡಿದ ಮೇಲೆ ದೂರುವುದು ಹೇಗೆ ಎನ್ನುತ್ತಾರೆ. ಒಪ್ಪಂದಕ್ಕೆ ಬೆಲೆಯಿರಬೇಕು ಎಂಬುದರಲ್ಲಿ ನನಗೂ ಎರಡು ಮಾತಿಲ್ಲ. ಆದರೆ ಏನನ್ನು ಒಪ್ಪಿದೆವೆಂದು ತಿಳಿಯದೆ ಒಪ್ಪಿಗೆಯಾಗುವುದಿಲ್ಲ. ಮನೆಸಾಲದ ಜೊತೆ ಪಾಲಿಸಿಯೂ ಬರುತ್ತದೆ. ಪ್ರಸ್ತಾವ ಪತ್ರ ಇಂಗ್ಲಿಷಿನಲ್ಲಿರುತ್ತದೆ, ತುಂಬುವವನು ಏಜೆಂಟ್, ಸಹಿ ಮನೆಯೊಡತಿಯದು. ಪಾಲಿಸಿದಾರರ ಹಿತರಕ್ಷಣೆಯ ನಿಯಮಗಳು ಸಂವಿಧಾನ ಗುರುತಿಸಿದ ಭಾಷೆಗಳಲ್ಲಿ ನಮೂನೆಗಳನ್ನು ಕೊಡಬಹುದು ಎಂದವು, ಕೊಡಲೇಬೇಕು ಎನ್ನಲಿಲ್ಲ. ಕ್ಲೇಮು ಬಂದ ದಿನ ಷರತ್ತಿನ ಒಂದೊಂದು ಅಕ್ಷರವನ್ನೂ ಅಳೆದು ನೋಡುವ ಕಂಪನಿ, ಮಾರುವ ದಿನ ಆ ಅಕ್ಷರಗಳನ್ನು ಕನ್ನಡದಲ್ಲಿ ಓದಿಸುವ ಹೊಣೆಯನ್ನು ಹೊರದಿದ್ದರೆ ಆ ಒಪ್ಪಂದದ ತಕ್ಕಡಿ ಮೊದಲೇ ಓರೆಯಾಗಿದೆ. ಇನ್ನೂ ಒಂದು ಮಾತು. ಮಾಳಿಗೆ ಮನೆಯೋ ಹಂಚಿನ ಮನೆಯೋ ಆರ್‌ಸಿಸಿ ಮನೆಯೋ, ಬೆಳಕಿಂಡಿ ಎಷ್ಟಗಲ, ಹಿತ್ತಿಲ ಗೋಡೆ ಎಷ್ಟೆತ್ತರ ಎಂಬುದನ್ನು ಪಾಲಿಸಿ ಕೊಡುವಾಗ ಬಂದು ನೋಡಿದವರು ಯಾರೂ ಇಲ್ಲ. ಪ್ರೀಮಿಯಂ ತೆಗೆದುಕೊಳ್ಳುವಾಗ ಮನೆಯನ್ನು ಕಾಣದವರು ಕಳವಾದ ಮೇಲೆ ಅಳತೆಪಟ್ಟಿ ಹಿಡಿದು ಬರುವುದು ನ್ಯಾಯವಲ್ಲ. ಆಗ ಸುಮ್ಮನಿದ್ದವರು ಈಗಲೂ ಆ ವಿಷಯದಲ್ಲಿ ಸುಮ್ಮನಿರಬೇಕು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಷರತ್ತಿಲ್ಲದಿದ್ದರೆ ಜನ ಮೈಮರೆಯುತ್ತಾರೆ, ಎಚ್ಚರದಿಂದಿರುವವರ ಪ್ರೀಮಿಯಂ ಹಣ ಎಚ್ಚರಗೇಡಿಗಳಿಗೆ ಹೋಗುತ್ತದೆ, ಸುಳ್ಳು ಕಳವುಗಳು ಹೆಚ್ಚುತ್ತವೆ ಎಂಬುದು. ಮೈಮರೆವಿನ ಮಾತನ್ನು ಮೊದಲು ತೆಗೆದುಕೊಳ್ಳುವೆ. ತವರಿನಿಂದ ತಂದ ಬೋರಮಾಳ, ಮಗಳ ಮದುವೆಗೆಂದು ಎರಡೆರಡು ಗ್ರಾಂ ಕೂಡಿಸಿದ ಗುಂಡಿನ ಸರ, ಇವುಗಳನ್ನು ಹೇಗೂ ವಿಮೆ ಇದೆ ಎಂದು ನಿರ್ಲಕ್ಷಿಸುವ ಮನೆ ಈ ಸೀಮೆಯಲ್ಲಿ ಇಲ್ಲ. ಬಂಗಾರದ ಬೆಲೆ ಬಂದೀತು, ಅಜ್ಜಿ ಹಾಕಿಕೊಂಡಿದ್ದ ಸರ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೂ ಎಚ್ಚರವನ್ನು ಬೆಳೆಸಲೇಬೇಕೆಂದಿದ್ದರೆ ಅದಕ್ಕೆ ಸಾಧನಗಳಿವೆ. ಗಟ್ಟಿ ಕೀಲಿ ಹಾಕಿಸಿದವರಿಗೆ, ಅಲಾರಂ ಹಾಕಿಸಿದವರಿಗೆ ಪ್ರೀಮಿಯಂ ಕಡಿಮೆ ಮಾಡಲಿ. ಮೊದಲ ಕೆಲವು ಸಾವಿರದ ನಷ್ಟವನ್ನು ಮನೆಯವರೇ ಹೊರುವಂತೆ ಮಾಡಲಿ. ಎಚ್ಚರ ತಪ್ಪಿದ್ದರಿಂದಲೇ ಕಳವಾಯಿತೆಂದು ಕಂಪನಿ ಸಾಬೀತು ಮಾಡಿದರೆ, ಎಷ್ಟರ ಮಟ್ಟಿಗೆ ತಪ್ಪಿತೋ ಅಷ್ಟರ ಮಟ್ಟಿಗೆ ಕಡಿತವಾಗಲಿ. ಆ ಸಾಬೀತಿನ ಹೊರೆ ಕಂಪನಿಯ ಮೇಲಿರಲಿ. ಅಲಾರಂ ಕಳ್ಳನನ್ನು ಹೆದರಿಸಲಾರದು ಎಂದು ನಾನು ಹೇಳುತ್ತಿಲ್ಲ. ಹೊಸದಾಗಿ ಕೈಹಾಕಿದ ಕಳ್ಳ ಸೈರನ್ ಕೇಳಿ ಓಡಿಹೋದಾನು. ಅದು ರಿಯಾಯಿತಿಗೆ ಕಾರಣವಾಗಬೇಕೇ ಹೊರತು ಹಕ್ಕು ಕಿತ್ತುಕೊಳ್ಳುವ ನೆಪವಾಗಬಾರದು. ಇನ್ನು ಸುಳ್ಳು ಕಳವು. ಅಂಥವು ಇರುತ್ತವೆ, ಇದ್ದರೆ ಅದನ್ನು ಹಿಡಿಯಬೇಕಾದದ್ದು ತನಿಖೆ. ಪೊಲೀಸರಿಗೆ ಸುಳ್ಳು ದೂರು ಕೊಡುವುದೇ ಒಂದು ಅಪರಾಧ. ಸರ್ವೇಯರ್ ಇದ್ದಾರೆ, ಮದುವೆಯ ಫೋಟೋಗಳಿವೆ, ಸರಾಫರ ಬಳಿ ಲೆಕ್ಕವಿದೆ, ಓಣಿಯ ಸಾಕ್ಷಿಯಿದೆ. ಮೋಸ ಮಾಡಲೆಂದೇ ಹೊರಟವನು ಅಲಾರಂ ಹಾಕಿಸಿ, ಕೊಂಡಿ ಮುರಿದು, ಎಲ್ಲ ಗುರುತೂ ಸರಿಯಾಗಿ ಇಟ್ಟೇ ಕ್ಲೇಮು ಮಾಡುತ್ತಾನೆ. ಅವನಿಗೆ ಷರತ್ತುಗಳು ಬಾಯಿಪಾಠ. ಷರತ್ತಿನ ಬಲೆಗೆ ಬೀಳುವವರು ಅದನ್ನು ಓದದೆ ನಂಬಿದ ಪ್ರಾಮಾಣಿಕರು.

ನ್ಯಾಯ ಬೇಕಾದವರಿಗೆ ದಾರಿಯಿದೆಯಲ್ಲ ಎಂದೂ ಹೇಳಲಾಗುತ್ತದೆ. ಇದೆ, ಅದನ್ನು ಜನ ಬಳಸಬೇಕು. ಹಾವೇರಿಯಲ್ಲೇ ಜಿಲ್ಲಾ ಗ್ರಾಹಕರ ಆಯೋಗವಿದೆ. ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಬಳಿ ಶುಲ್ಕವಿಲ್ಲದೆ, ವಕೀಲರಿಲ್ಲದೆ ದೂರು ಕೊಡಬಹುದು. ದಾಖಲೆ ಇಲ್ಲವೆಂಬ ಕಾರಣಕ್ಕೇ ಕ್ಲೇಮು ತಿರಸ್ಕರಿಸಬಾರದು ಎಂದು 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವೇ ಸುತ್ತೋಲೆ ಹೊರಡಿಸಿದೆ. ಆದರೆ ಒಬ್ಬೊಬ್ಬರೇ ಬಾಗಿಲು ತಟ್ಟಿ ಪಡೆಯುವ ನ್ಯಾಯ ಅವರವರ ಮನೆಗಷ್ಟೇ. ಷರತ್ತು ಮುಂದಿನ ಮನೆಗೆ ಹಾಗೆಯೇ ಕಾದಿರುತ್ತದೆ. 2021ರಲ್ಲಿ ಒಂದೇ ಆದೇಶದಿಂದ ದೇಶಕ್ಕೆಲ್ಲ ಒಂದೇ ಮನೆ ಪಾಲಿಸಿ ತರಲು ಸಾಧ್ಯವಾಯಿತಾದರೆ, ಅದೇ ಪಾಲಿಸಿಯೊಳಗೆ ಸಾಮಾನ್ಯ ರಾತ್ರಿಯ ಕಳವನ್ನೂ ಸೇರಿಸಲು ಸಾಧ್ಯವಿದೆ. ಕಳವು ಎಂದರೆ ದಂಡಸಂಹಿತೆ ಹೇಳಿದ್ದೇ ಕಳವು ಎಂದು ಬರೆಯಲು, ನಷ್ಟಕ್ಕೆ ಕಾರಣವಾಗದ ಷರತ್ತನ್ನು ಮುಂದೊಡ್ಡಕೂಡದು ಎಂದು ಬರೆಯಲು, ಕರ್ನಾಟಕದಲ್ಲಿ ಮಾರುವ ಪಾಲಿಸಿ ಕನ್ನಡದಲ್ಲಿರಲೇಬೇಕು ಎಂದು ಬರೆಯಲು ಹೊಸ ಸಂಸ್ಥೆಯೇನೂ ಬೇಡ. ಪ್ರಸ್ತಾವ ಪತ್ರದಲ್ಲಿ ಅಲಾರಂ ಉಂಟೇ ಎಂಬ ಪ್ರಶ್ನೆಯ ಕೆಳಗೆ ಇನ್ನೊಂದು ಸಾಲಿಗೆ ಜಾಗವಿದೆ: ನೀವು ಊರಲ್ಲಿಲ್ಲದಾಗ ಈ ಮನೆಯನ್ನು ನೋಡಿಕೊಳ್ಳುವವರು ಯಾರು? ಬ್ಯಾಡಗಿಯಲ್ಲಿ, ರಾಣೆಬೆನ್ನೂರಿನಲ್ಲಿ, ಹಾವೇರಿಯಲ್ಲಿ ಆ ಸಾಲಿನ ಮುಂದೆ ಬರೆಯಲು ಪ್ರತಿ ಮನೆಗೂ ಒಂದು ಹೆಸರಿದೆ.